ಗುಳಿಗೆ ಬಾಯಿಗೆ ಹೋಗುವ ಹೊತ್ತು

ದಾವಣಗೆರೆಯ ವೃದ್ಧಾಶ್ರಮವೊಂದಕ್ಕೆ ಪ್ರತಿ ಗುರುವಾರ ಹೋಗುತ್ತೇನೆ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಫಾರ್ಮಾಸಿಸ್ಟ್. ಮೊದಲ ದಿನ ಅಜ್ಜಿಯೊಬ್ಬರು, 'ಗುಳಿಗಿ ಮಾರಾಕೆ ಬಂದೀಯೇನವ್ವಾ?' ಎಂದು ಕೇಳಿದ್ದರು. 'ಇಲ್ಲಜ್ಜಿ, ನೀವು ನುಂಗೋ ಗುಳಿಗಿ ನೋಡಾಕೆ ಬಂದೀನಿ' ಎಂದೆ. ಅವರು ದಿಂಬಿನಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದು ಮಂಚದ ಮೇಲೆ ಸುರಿದರು. ಹನ್ನೊಂದು ಬಗೆಯ ಮಾತ್ರೆ, ಮೂವರು ವೈದ್ಯರ ಚೀಟಿ.

ಆ ಚೀಲದ ಕತೆಯನ್ನು ಪೂರ್ತಿ ಹೇಳಬೇಕು, ಏಕೆಂದರೆ ನನ್ನ ಕೆಲಸ ಏನೆಂಬುದು ಅದರೊಳಗೇ ಇದೆ.

ಅಜ್ಜಿಗೆ ಬಹಳ ವರ್ಷಗಳಿಂದ ಬಿಪಿ. ಅಮ್ಲೋಡಿಪಿನ್ 5 ಮಿಲಿಗ್ರಾಂ ಸಾಲದಾಗಿ 10ಕ್ಕೆ ಏರಿಸಿದ್ದರು. ಕೆಲವು ವಾರಗಳಲ್ಲಿ ಕಾಲು ಬಾತವು. ಅದನ್ನು ಕಂಡ ಇನ್ನೊಬ್ಬ ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆ ಬರೆದರು. ಅಜ್ಜಿ ರಾತ್ರಿ ನಾಲ್ಕೈದು ಸಲ ಬಚ್ಚಲಿಗೆ ಏಳತೊಡಗಿದರು. ಮೂತ್ರ ತಡೆಯಲಾಗುತ್ತಿಲ್ಲ ಎಂದದ್ದಕ್ಕೆ ಆಕ್ಸಿಬ್ಯುಟಿನಿನ್ ಬಂತು. ಅದರಿಂದ ಬಾಯಿ ಒಣಗಿತು, ಮಲಬದ್ಧತೆಯಾಯಿತು, ರಾತ್ರಿ ಹೊತ್ತು 'ನಮ್ಮೂರಿಗೆ ಬಸ್ ಬಂತೇನು?' ಎಂದು ಕೇಳುವಷ್ಟು ಮಂಕು ಕವಿಯಿತು. ಮಲಬದ್ಧತೆಗೆ ಒಂದು ಪುಡಿ, ರಾತ್ರಿಯ ಗಲಿಬಿಲಿಗೆ ಒಂದು ನಿದ್ದೆ ಮಾತ್ರೆ. ಕೊನೆಗೊಂದು ರಾತ್ರಿ ಬಚ್ಚಲ ಹೊಸ್ತಿಲಲ್ಲಿ ಬಿದ್ದರು.

ಇಲ್ಲಿ ಯಾರೂ ತಪ್ಪು ಮಾಡಲಿಲ್ಲ. ಒಬ್ಬೊಬ್ಬರ ಚೀಟಿಯನ್ನೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇದೆ. ಮೂರೂ ಚೀಟಿಗಳನ್ನು ಒಂದೇ ಮಂಚದ ಮೇಲೆ ಹರಡಿ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಅಮ್ಲೋಡಿಪಿನ್‌ನಿಂದ ಕಾಲು ಬಾಯುವುದು ಮೈಯಲ್ಲಿ ನೀರು ಹೆಚ್ಚಾಗಿ ಅಲ್ಲ. ಸಣ್ಣ ರಕ್ತನಾಳಗಳು ಹಿಗ್ಗಿ, ದ್ರವ ಪಕ್ಕದ ಅಂಗಾಂಶಕ್ಕೆ ಸೋರುವುದರಿಂದ. ಹಾಗಾಗಿ ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಆ ಬಾವು ಅಷ್ಟಾಗಿ ಇಳಿಯುವುದಿಲ್ಲ.

ಮಾತ್ರೆ ನಿಲ್ಲಿಸುವ ಅಧಿಕಾರ ನನಗಿಲ್ಲ, ಇರಲೂಬಾರದು. ಯಾವ ಮಾತ್ರೆ ಯಾವಾಗ ಶುರುವಾಯಿತು, ಅದರ ಹಿಂದೆಯೇ ಯಾವ ತೊಂದರೆ ಬಂತು ಎಂದು ತಾರೀಖಿನ ಸಮೇತ ಒಂದು ಪುಟ ಬರೆದು, ಬಿಪಿ ನೋಡುತ್ತಿದ್ದ ವೈದ್ಯರಿಗೆ ಕೊಟ್ಟೆ. ಅವರು ಓದಿ, ಬಿಪಿ ಮಾತ್ರೆ ಬದಲಿಸಿದರು. ಬಾವು ಇಳಿದ ಮೇಲೆ ಉಳಿದವನ್ನು ಒಂದೊಂದಾಗಿ ತೆಗೆದರು. ಹನ್ನೊಂದು ಆರಾಯಿತು. ಈಗ ಅಜ್ಜಿ ರಾತ್ರಿ ಒಮ್ಮೆ ಮಾತ್ರ ಏಳುತ್ತಾರೆ, ಬಸ್ಸಿನ ಮಾತು ಎತ್ತುವುದಿಲ್ಲ.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೂತಿದ್ದರೆ ಇದು ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಅಲ್ಲಿಗೆ ಬರುವುದು ಚೀಟಿ, ಅಜ್ಜಿಯಲ್ಲ. ಕಾಲಿನ ಬಾವು, ಒಣಗಿದ ತುಟಿ, ತಟ್ಟೆಯಲ್ಲಿ ಉಳಿದ ರೊಟ್ಟಿ ಕಾಣಬೇಕಾದರೆ ಅವರಿರುವಲ್ಲೇ ಇರಬೇಕು.

ಊಟದ ಮಾತು ಬಂತು. ಶ್ರಾವಣದ ಒಂದು ಸೋಮವಾರ ಆಶ್ರಮದಿಂದ ಫೋನ್ ಬಂತು: 'ಮೇಡಂ, ಅಜ್ಜಾರು ಮಾತಾಡಿಸಿದ್ರೂ ಪೂರ್ತಿ ಎಚ್ಚರಾಗವಲ್ರು, ಮೈಯೆಲ್ಲ ಬೆವೆತೈತಿ.' ಅಜ್ಜನಿಗೆ ಅಂದು ಒಪ್ಪತ್ತು. ಬೆಳಗಿನ ತಿಂಡಿ ಬಿಟ್ಟಿದ್ದರು, ಶುಗರ್ ಮಾತ್ರೆ ಬಿಟ್ಟಿರಲಿಲ್ಲ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜಾತಿಯ ಮಾತ್ರೆಗಳು ಹೊಟ್ಟೆಯಲ್ಲಿ ಅನ್ನ ಇದ್ದರೂ ಇಲ್ಲದಿದ್ದರೂ ಇನ್ಸುಲಿನ್ ಹೊರಡಿಸುತ್ತವೆ. ಮೂತ್ರಪಿಂಡ ಸೋತ ವಯಸ್ಸಿನಲ್ಲಿ ಅವುಗಳ ಕೆಲಸ ಇನ್ನೂ ಹೊತ್ತು ಎಳೆಯುತ್ತದೆ. ಸಕ್ಕರೆ ಅಂಶ 70ಕ್ಕಿಂತ ಕೆಳಗಿಳಿದರೆ ಅಪಾಯ. ಅಜ್ಜನದು 48 ಇತ್ತು. ನುಂಗುವಷ್ಟು ಎಚ್ಚರವಿದ್ದದ್ದರಿಂದ ಸಕ್ಕರೆ ನೀರು ಕುಡಿಸಲು ಹೇಳಿದೆ. ಎಚ್ಚರ ಪೂರ್ತಿ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು. ಆ ವಾರವೇ ವೈದ್ಯರು ಮಾತ್ರೆ ಬದಲಿಸಿದರು. ಈಗ ಔಷಧದ ಕಪಾಟಿನ ಪಕ್ಕ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇವೆ: ಶ್ರಾವಣ ಸೋಮವಾರ, ಶಿವರಾತ್ರಿ, ಏಕಾದಶಿಗೆಲ್ಲ ಕೆಂಪು ಗುರುತು. ಯಾರು ಉಪವಾಸ, ಅವರ ಮಾತ್ರೆ ಏನು ಮಾಡಬೇಕು ಎಂದು ಹಿಂದಿನ ದಿನವೇ ವೈದ್ಯರನ್ನು ಕೇಳುತ್ತಾರೆ.

ಇಂಥ ಸಣ್ಣ ಸಂಗತಿಗಳು ಇನ್ನೂ ಇವೆ. ನುಂಗಲಾರದವರಿಗೆ ಆಯಾಗಳು ಮಾತ್ರೆ ಪುಡಿಮಾಡಿ ಅನ್ನ ಸಾರಿಗೆ ಕಲಸುತ್ತಿದ್ದರು, ಕಕ್ಕುಲಾತಿಯಿಂದಲೇ. ಆದರೆ ಹೆಸರಿನ ಮುಂದೆ 'ಎಸ್‌ಆರ್' ಎಂದಿರುವ ಮಾತ್ರೆ ನಿಧಾನಕ್ಕೆ ಕರಗಲೆಂದು ಮಾಡಿದ್ದು. ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಮೈಗೆ ಸೇರುತ್ತದೆ. ಥೈರಾಯ್ಡ್ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆ ಜೊತೆ ಕೊಟ್ಟರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ, ನಡುವೆ ನಾಲ್ಕು ತಾಸು ಬೇಕು. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಮೂತ್ರದ ಮಾತ್ರೆ ನುಂಗುತ್ತಿರುವವರು ಮಂಡಿನೋವಿಗೆಂದು ತಾವೇ ಡೈಕ್ಲೊಫೆನಾಕ್ ತರಿಸಿಕೊಂಡರೆ ಮೂರೂ ಸೇರಿ ಮೂತ್ರಪಿಂಡವನ್ನು ಕೆಡಿಸಬಲ್ಲವು. 'ಕ್ರಿಯಾಟಿನಿನ್ ನಾರ್ಮಲ್ ಐತಲ್ರಿ' ಎಂದು ಮನೆಯವರು ರಿಪೋರ್ಟ್ ತೋರಿಸುತ್ತಾರೆ. ಕ್ರಿಯಾಟಿನಿನ್ ಎಂದರೆ ಮಾಂಸಖಂಡದಲ್ಲಿ ಹುಟ್ಟಿ, ಮೂತ್ರಪಿಂಡ ಹೊರಹಾಕುವ ಕಸ. ವಯಸ್ಸಾಗಿ ಮಾಂಸಖಂಡ ಕರಗಿದವರಲ್ಲಿ ಅದರ ಉತ್ಪತ್ತಿಯೇ ಕಡಿಮೆ. ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿದರೆ ಆ 'ನಾರ್ಮಲ್' ಹಿಂದೆ ಸೋತ ಮೂತ್ರಪಿಂಡ ಇರಬಹುದು.

ಆಸ್ಟ್ರೇಲಿಯಾದಲ್ಲಿ 1997ರಿಂದಲೇ ಫಾರ್ಮಾಸಿಸ್ಟರು ವೃದ್ಧಾಶ್ರಮಗಳಿಗೆ ಹೋಗಿ ಔಷಧ ಪರಿಶೀಲಿಸುವ ವ್ಯವಸ್ಥೆ ಇತ್ತು. ಅಲ್ಲಿನ ಹಿರಿಯರ ಆರೈಕೆಯ ಬಗ್ಗೆ ತನಿಖೆ ನಡೆಸಿದ ರಾಯಲ್ ಕಮಿಷನ್ 2021ರಲ್ಲಿ ಅಂತಿಮ ವರದಿ ಕೊಟ್ಟಿತು. 2024ರ ಜುಲೈ 1ರಿಂದ, ಫಾರ್ಮಾಸಿಸ್ಟರು ಆಶ್ರಮದಲ್ಲೇ ಇದ್ದು ಕೆಲಸ ಮಾಡಲು ಸರ್ಕಾರವೇ ಹಣ ಕೊಡುತ್ತಿದೆ. 250 ಹಾಸಿಗೆಗೆ ಒಬ್ಬ ಪೂರ್ಣಾವಧಿ ಫಾರ್ಮಾಸಿಸ್ಟ್ ಎಂಬ ಲೆಕ್ಕ. ಆಗೊಮ್ಮೆ ಈಗೊಮ್ಮೆ ಬಂದು ಕಾಗದ ನೋಡಿ ಹೋಗುವುದಕ್ಕೂ ಅಲ್ಲೇ ಇರುವುದಕ್ಕೂ ಎಷ್ಟು ಅಂತರ ಎಂಬುದು, ವಾರಕ್ಕೊಂದೇ ದಿನ ಹೋಗುವ ನನಗೆ ಚೆನ್ನಾಗಿ ಗೊತ್ತು. ಆ ಶ್ರಾವಣ ಸೋಮವಾರ ನಾನು ಅಲ್ಲಿರಲಿಲ್ಲ.

ನಮ್ಮಲ್ಲಿ ಇದಕ್ಕೆ ಜನ ಇಲ್ಲವೆಂದಲ್ಲ. ಆರು ವರ್ಷದ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ 2008ರಲ್ಲೇ ಶುರುವಾಗಿದೆ, ಕೊನೆಯ ವರ್ಷವಿಡೀ ಇಂಟರ್ನ್‌ಶಿಪ್. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ತಿಳಿವಳಿಕೆ ಹೇಳುವುದನ್ನೂ ನಮ್ಮ ಕೆಲಸವೆಂದೇ ಗುರುತಿಸಿದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಫಾರ್ಮಸಿ ಕಾಲೇಜುಗಳಿವೆ. ಒಂದೊಂದು ಕಾಲೇಜು ಒಂದೊಂದು ಆಶ್ರಮವನ್ನು ಹಚ್ಚಿಕೊಂಡು, ಮೇಷ್ಟರೊಬ್ಬರ ಜೊತೆ ವಿದ್ಯಾರ್ಥಿಗಳನ್ನು ಸರದಿಯಂತೆ ಕಳಿಸಿದರೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಒಂದು ಮೇಜು, ಒಂದು ನೋಟ್‌ಬುಕ್, ವೈದ್ಯರ ಫೋನ್ ನಂಬರ್ ಸಾಕು.

ಮನೆಯವರಲ್ಲೂ ಒಂದು ಬೇಡಿಕೆ. ಅಪ್ಪ ಅಮ್ಮನನ್ನು ನೋಡಲು ಬರುವಾಗ ಹಣ್ಣಿನ ಜೊತೆ ಹಳೆಯ ಚೀಟಿಗಳನ್ನೂ ತನ್ನಿ. ಅವರ ಮಾತ್ರೆಯ ಹೆಸರು ಗೊತ್ತಿದ್ದರೂ, ಅದನ್ನು ಯಾತಕ್ಕೆ ಶುರುಮಾಡಿದರು ಎಂಬುದು ನಮಗೆ ಗೊತ್ತಿರುವುದಿಲ್ಲ.

ಈ ಗುರುವಾರ ನೋಡಬೇಕಾದವರು ಮೂಲೆ ಕೋಣೆಯ ಅಜ್ಜ. ವರ್ಷಗಟ್ಟಲೆ ಅಲ್ಪ್ರಜೋಲಾಂ ಎಂಬ, ಆತಂಕ ತಗ್ಗಿಸಿ ನಿದ್ದೆ ತರಿಸುವ ಮಾತ್ರೆ ನುಂಗಿದವರು. ಅದನ್ನು ಥಟ್ಟನೆ ನಿಲ್ಲಿಸಿದರೆ ನಿದ್ದೆಗೇಡು, ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ವೈದ್ಯರು ತಿಂಗಳುಗಳ ಕಾಲ ಇಷ್ಟಿಷ್ಟೇ ಇಳಿಸುತ್ತಿದ್ದಾರೆ. ಎರಡು ವಾರದ ಹಿಂದೆ ಅರ್ಧ ಮಾತ್ರೆಗೆ ಬಂದಿದ್ದೇವೆ. ರಾತ್ರಿ ಹೇಗೆ ಮಲಗಿದರೆಂದು ಕೇಳಿ ಬರೆದುಕೊಳ್ಳಬೇಕು.