ವ್ಯಾನಿನ ಎಂಜಿನ್ ಸವೆಯುವುದು ಗಂಟೆಗಳ ಲೆಕ್ಕದಲ್ಲಿ

ಸರಕು ಸಾಗಿಸುವ ಸಣ್ಣ ಪೆಟ್ರೋಲ್ ವ್ಯಾನು ದುರಸ್ತಿಗೆ ಬಂದಾಗ, ಓಡೋಮೀಟರ್ ನೋಡುವುದಕ್ಕೂ ಮೊದಲು ನಾನು ಕೇಳುವ ಪ್ರಶ್ನೆ, ದಿನಕ್ಕೆ ಎಷ್ಟು ಗಂಟೆ ಎಂಜಿನ್ ಚಾಲೂ ಇರುತ್ತದೆ ಎಂಬುದು. ಸರಾಸರಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವ ಕಾರು 10,000 ಕಿ.ಮೀ. ಕ್ರಮಿಸುವಷ್ಟರಲ್ಲಿ ಅದರ ಎಂಜಿನ್ 200 ಗಂಟೆ ದುಡಿದಿರುತ್ತದೆ. ಹೆಜ್ಜೆಹೆಜ್ಜೆಗೂ ನಿಂತು ಸಾಮಾನು ಇಳಿಸುತ್ತ ಸರಾಸರಿ 16 ಕಿ.ಮೀ. ವೇಗದಲ್ಲಿ ಸಾಗುವ ವ್ಯಾನಿಗೆ ಅಷ್ಟೇ ದೂರಕ್ಕೆ 625 ಗಂಟೆ ಬೇಕು. ಇಬ್ಬರೂ 10,000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಿದರೆ, ಎರಡನೆಯವರ ಆಯಿಲ್ ಮೂರು ಪಟ್ಟು ಹೆಚ್ಚು ಹೊತ್ತು ದುಡಿದು ಸತ್ತ್ವ ಕಳೆದುಕೊಂಡಿರುತ್ತದೆ. ವಾಹನದ ಕೈಪಿಡಿಯಲ್ಲಿ ಸಾಮಾನ್ಯವಾಗಿ ಕಠಿಣ ಬಳಕೆಗೆಂದು ಬೇರೆಯದೇ ಕೋಷ್ಟಕ ಇರುತ್ತದೆ. ವ್ಯಾನಿನ ಮಾಲೀಕರು ಓದಬೇಕಾದದ್ದು ಅದನ್ನು.

ಕಡಿಮೆ ದೂರದ ಓಡಾಟ ಎಂಜಿನ್ನಿಗೆ ಹಗುರವೆಂಬ ನಂಬಿಕೆಯೂ ತಪ್ಪು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆಯಾದರೂ, ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳುವ ಅನಿಲದ ಜೊತೆ ಸ್ವಲ್ಪ ಪಾಲು ಕೆಳಗೆ ಆಯಿಲ್ ನಿಲ್ಲುವ ತೊಟ್ಟಿಗೂ, ಅಂದರೆ ಸಂಪಿಗೂ, ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಆ ತೇವ ಮತ್ತೆ ಆವಿಯಾಗಿ ಹೋಗುತ್ತದೆ. ಐದು ನಿಮಿಷ ಓಡಿಸಿ ಆರಿಸುವುದೇ ದಿನಚರಿಯಾದರೆ ಅದು ಅಲ್ಲೇ ಉಳಿದು, ಉರಿಯದ ಪೆಟ್ರೋಲಿನೊಂದಿಗೆ ಸೇರಿ ಆಯಿಲನ್ನು ಕೆಡಿಸುತ್ತದೆ. ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ತೆಗೆದು ಒಳಬದಿಯನ್ನು ಬೆರಳಿನಿಂದ ಸವರಿ ನೋಡಿ. ಬೆಣ್ಣೆಯಂಥ ಬಿಳಿ ಲೋಳೆ ಹತ್ತಿದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಈ ತೇವದ್ದೇ ಗುರುತು. ಆದರೆ ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ತುದಿಯಲ್ಲೂ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ರೇಡಿಯೇಟರಿನ ನೀರು ಒಳಗೆ ಸೇರಿದೆ ಎಂದು ತಿಳಿದು ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು.

ಸಣ್ಣ ವ್ಯಾನುಗಳಿಗೆ ಇನ್ನೊಂದು ತೊಡಕಿದೆ. ಹಲವು ಮಾದರಿಗಳಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಲ್ಲಿ ಗಾಳಿಯಾಟ ಕಡಿಮೆ, ಶಾಖ ಹೆಚ್ಚು. ಬಾನೆಟ್ ಎತ್ತುವಷ್ಟು ಸುಲಭವಾಗಿ ಸೀಟು ಎತ್ತಲು ಯಾರೂ ಮುಂದಾಗುವುದಿಲ್ಲ. ಈ ಎಂಜಿನ್‌ಗಳು ಹಿಡಿಯುವ ಒಟ್ಟು ಆಯಿಲ್ ಸುಮಾರು ಮೂರರಿಂದ ನಾಲ್ಕು ಲೀಟರ್. ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಇಳಿಯಿತೆಂದರೆ ಸಾಮಾನ್ಯವಾಗಿ ಒಂದು ಲೀಟರಿನಷ್ಟು ಹೋಗಿರುತ್ತದೆ, ಅಂದರೆ ಕಾಲು ಭಾಗ, ಇಲ್ಲವೇ ಅದಕ್ಕೂ ಮಿಗಿಲು. ಉಳಿದ ಆಯಿಲ್ ಅದೇ ಶಾಖವನ್ನು ತಾನೊಂದೇ ಹೊರಬೇಕಾಗುತ್ತದೆ. ಸೀಟಿನಡಿ ಎಂಜಿನ್ ಇರುವ ಗಾಡಿಯಲ್ಲಿ ವಾರಕ್ಕೊಮ್ಮೆ ಸೀಟು ಎತ್ತುವುದನ್ನು ನಾನು ಆಯಿಲ್ ಬದಲಾವಣೆಯಷ್ಟೇ ಮುಖ್ಯವೆಂದು ಎಣಿಸುತ್ತೇನೆ.

ಆದರೂ ನನ್ನ ಅನುಭವದಲ್ಲಿ ಈ ಎಂಜಿನ್‌ಗಳನ್ನು ಅಕಾಲದಲ್ಲಿ ಕೊಂದದ್ದು ಹೆಚ್ಚಾಗಿ ಶಾಖವೇ. ಒಮ್ಮೆ ಒಂದು ವ್ಯಾನು ಪಿಕಪ್ ಇಲ್ಲವೆಂಬ ದೂರಿನೊಂದಿಗೆ ಬಂತು. ಬೇರೇನಾದರೂ ತೊಂದರೆ ಇತ್ತೇ ಎಂದು ಕೇಳಿದಾಗ ಚಾಲಕರು, "ಏನಿಲ್ಲ ಸಾರ್, ದಿನಾ ಬೆಳಿಗ್ಗೆ ಸ್ವಲ್ಪ ನೀರು ಹಾಕ್ತೀನಿ, ಅಷ್ಟೇ" ಎಂದರು. ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟೆ. ಮೂರು ಪ್ಲಗ್‌ಗಳ ತುದಿ ತಿಳಿ ಕಂದು ಬಣ್ಣದಲ್ಲಿತ್ತು. ಮೂರನೆಯ ಸಿಲಿಂಡರಿನದು ಮಾತ್ರ ಈಗಷ್ಟೇ ತೊಳೆದಿಟ್ಟಂತೆ ಬೆಳ್ಳಗಿತ್ತು. ಸಿಲಿಂಡರಿನೊಳಕ್ಕೆ ಸೋರಿದ ನೀರು ಆವಿಯಾಗಿ ಮಸಿಯನ್ನೆಲ್ಲ ತೊಳೆದಾಗ ಪ್ಲಗ್ ಹಾಗೆ ಕಾಣುತ್ತದೆ. ಕಂಪ್ರೆಶನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನಲ್ಲಿ ಏರುವ ಒತ್ತಡವನ್ನು ಅಳೆದರೆ, ಒಂದು ಮತ್ತು ನಾಲ್ಕರಲ್ಲಿ 12 ಬಾರ್, ಎರಡು ಮತ್ತು ಮೂರರಲ್ಲಿ 6 ಬಾರ್. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಾಗ ಮೊದಲು ಅನುಮಾನಿಸಬೇಕಾದದ್ದು ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ಟನ್ನು, ಅಂದರೆ ಎಂಜಿನ್ನಿನ ಬ್ಲಾಕಿಗೂ ಮೇಲೆ ಮುಚ್ಚುವ ಹೆಡ್ಡಿಗೂ ನಡುವೆ ಸೋರದಂತೆ ಇಡುವ ಹಾಳೆಯನ್ನು. ಹೆಡ್ ಇಳಿಸಿ ನೇರಪಟ್ಟಿ ಇಟ್ಟು ನೋಡಿದಾಗ ಮಧ್ಯದಲ್ಲಿ 0.10 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಸಲೀಸಾಗಿ ಹೋಯಿತು, ಅಂದರೆ ಹೆಡ್ಡು ಅಷ್ಟು ಬಾಗಿತ್ತು. ಆ ಎಂಜಿನ್ನಿಗೆ ಇದ್ದ ಮಿತಿ 0.05 ಮಿ.ಮೀ.

ಇಷ್ಟಕ್ಕೆಲ್ಲ ಮೂಲ ರೇಡಿಯೇಟರ್ ಕ್ಯಾಪ್. ಅದರ ರಬ್ಬರ್ ಸೀಳಿತ್ತು. ಕ್ಯಾಪಿನ ಕೆಲಸ ಬರಿಯ ಮುಚ್ಚಳದ್ದಲ್ಲ, ಒಳಗಿನ ಒತ್ತಡವನ್ನು ಕಾಪಾಡುವುದೂ ಅದೇ. 0.9 ಬಾರ್ ಒತ್ತಡ ನಿಂತರೆ ಬರಿಯ ನೀರು ಕೂಡ ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಒತ್ತಡ ಸೋರಿದರೆ 100 ಡಿಗ್ರಿಗೇ ಕುದಿಯುತ್ತದೆ, ಉಕ್ಕಿ ಹೊರಹೋಗುತ್ತದೆ, ಮಟ್ಟ ಇಳಿಯುತ್ತದೆ. ಹೆಡ್ಡು ಅಲ್ಯೂಮಿನಿಯಂ, ಬ್ಲಾಕು ಬೀಡುಕಬ್ಬಿಣವಾಗಿರುವ ಎಂಜಿನ್ನಿನಲ್ಲಿ ಮೇಲಿನದು ಕೆಳಗಿನದಕ್ಕಿಂತ ಸರಿಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿ ಮೀರಿ ಕಾದಾಗ ಆ ಎಳೆದಾಟವನ್ನೆಲ್ಲ ತಾಳಬೇಕಾದದ್ದು ನಡುವೆ ಸಿಕ್ಕಿಕೊಂಡ ತೆಳ್ಳನೆಯ ಗ್ಯಾಸ್ಕೆಟ್. ಬಿಗಿಯಾಗಿ ಮುಚ್ಚಿದ ಈ ವ್ಯವಸ್ಥೆಗೆ ದಿನಾ ನೀರು ಬೇಕಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬಿ ಕೂರುವಂತಿಲ್ಲ ಎಂಬುದನ್ನು ಚಾಲಕರು ತಿಳಿದಿರಲೇಬೇಕು. ಸೆನ್ಸರ್ ಮುಳುಗಿರಬೇಕಾದ ಜಾಗದಲ್ಲಿ ನೀರೇ ಇಲ್ಲದಿದ್ದರೆ ಅದು ಲೋಹದ ನಿಜವಾದ ಶಾಖವನ್ನು ತೋರಿಸದೆ ಹೋಗಬಹುದು. ಮೇಲಕ್ಕೇರಿದ್ದ ಮುಳ್ಳು ಕಾರಣವಿಲ್ಲದೆ ಇಳಿದರೆ ಸಮಾಧಾನಪಡದೆ ಎಂಜಿನ್ ಆರಿಸಿ. ಬಿಸಿಯಿರುವಾಗ ಕ್ಯಾಪ್ ಬಿಚ್ಚಬೇಡಿ, ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಎಂಜಿನ್ ನಡುವಿದ್ದು ರೇಡಿಯೇಟರ್ ಮುಂದಿರುವ ವ್ಯಾನುಗಳಲ್ಲಿ ಪೈಪುಗಳು ಉದ್ದವಾಗಿರುವುದರಿಂದ, ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಬದಲಿಸಿದ ಮೇಲೆ ಕೈಪಿಡಿಯ ಕ್ರಮದಂತೆ ಒಳಗಿನ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ಈ ಕೆಲಸದಲ್ಲಿ ಆತುರಪಟ್ಟು ಗಾಡಿ ಕಳುಹಿಸಿದರೆ, ಅದು ಮತ್ತೆ ಬಿಸಿಯೇರಿಕೊಂಡೇ ಹಿಂದಿರುಗುತ್ತದೆ.

ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಕಿಲೋಮೀಟರ್ ಮತ್ತು ವರ್ಷ ಎರಡನ್ನೂ ನೋಡಿ, ಯಾವುದು ಮೊದಲು ಬರುತ್ತದೋ ಆಗ ಬದಲಿಸಿ. ಹಲವು ವಿನ್ಯಾಸಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗುತ್ತವೆ. ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸುವುದು ಸರಿ. ಏರ್ ಫಿಲ್ಟರಿನ ಬಗ್ಗೆ ಎಲ್ಲರಿಗೂ ತಿಳಿದಿದೆ, ನಾನು ಹೆಚ್ಚು ಹೇಳಬೇಕಿಲ್ಲ.

ವಾಲ್ವ್‌ಗಳನ್ನು ಒತ್ತಿ ತೆರೆಯುವ ಟ್ಯಾಪೆಟ್ಟಿನ ಸದ್ದಿನ ಬಗ್ಗೆ ಮಾತ್ರ ಒಂದು ಮಾತು ಉಳಿದಿದೆ. ಹೊಂದಿಸಬಹುದಾದ ಟ್ಯಾಪೆಟ್ ಇರುವ ಎಂಜಿನ್‌ಗಳಲ್ಲಿ ಸಣ್ಣಗೆ ಟಿಕ್‌ಟಿಕ್ ಎನ್ನುವುದು ಅಷ್ಟು ಅಪಾಯಕಾರಿಯಲ್ಲ. ಟ್ಯಾಪೆಟ್ಟಿನಲ್ಲಿ ಬಿಡಬೇಕಾದ ಸಂದಿ ತೀರಾ ಕಡಿಮೆಯಾಗಿ ಸದ್ದೇ ಅಡಗಿದಾಗ ಎಗ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ, ತನ್ನ ಶಾಖವನ್ನು ತಾನು ಕೂರುವ ಲೋಹದ ಬಳೆಗೆ, ಅಂದರೆ ವಾಲ್ವ್ ಸೀಟಿಗೆ, ದಾಟಿಸಲಾಗದೆ, ಅಂಚಿನಲ್ಲಿ ಸುಡುತ್ತದೆ. ಅನಿಲ ಇಂಧನಕ್ಕೆ ಪರಿವರ್ತಿಸಿದ ವ್ಯಾನುಗಳಲ್ಲಿ ವಾಲ್ವ್ ಸೀಟು ಬೇಗ ಸವೆದು ಈ ಸಂದಿ ಬೇಗ ಮುಚ್ಚಿಕೊಳ್ಳುವ ಸಂಭವ ಹೆಚ್ಚು. ಎಂಜಿನ್ ಈಚೆಗೆ ತುಂಬಾ ನಿಶ್ಶಬ್ದವಾಗಿದೆ ಎಂದು ಅಂಥ ಗಾಡಿಯ ಮಾಲೀಕರು ಸಂತೋಷದಿಂದ ಹೇಳಿದಾಗಲೆಲ್ಲ ನಾನು ವಾಲ್ವ್ ಕವರ್ ಬಿಚ್ಚಿ, ಎಂಟಾಗಲಿ ಹದಿನಾರಾಗಲಿ, ಎಲ್ಲ ವಾಲ್ವ್‌ಗಳ ಸಂದಿಯನ್ನೂ ಒಂದೊಂದಾಗಿ ಅಳೆಯುತ್ತೇನೆ.