ಏರಿನಲ್ಲಿ ಜೊತೆ ತಪ್ಪುವುದೇಕೆ?

ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿಯ ಕಡೆಗೆ ನಾಲ್ವರು ಗೆಳೆಯರು ಒಟ್ಟಿಗೆ ಓಟ ಶುರು ಮಾಡಿದರೆ ಕೈಮರದವರೆಗೆ ಹೇಗೋ ಜೊತೆಯಲ್ಲೇ ಇರುತ್ತಾರೆ. ಚೆಕ್‌ಪೋಸ್ಟ್ ದಾಟಿ ಏರು ಹಿಡಿದು ನಾಲ್ಕು ತಿರುವು ಕಳೆಯುವಷ್ಟರಲ್ಲಿ ಒಬ್ಬರು ಮೇಲಿನ ತಿರುವಿನಲ್ಲಿ, ಇನ್ನೊಬ್ಬರು ಕೆಳಗಿನ ತಿರುವಿನಲ್ಲಿ. ಹಿಂದೆ ಬಿದ್ದವರಿಗೆ ಛಲ ಸಾಲದು ಎಂದು ಗೇಲಿ ಮಾಡುವುದುಂಟು. ಛಲದ ಮಾತು ಆಮೇಲೆ. ಮೊದಲು ಆಮ್ಲಜನಕದ ಲೆಕ್ಕ ನೋಡಬೇಕು.

ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದನ್ನು ಪ್ರತಿ ಕಿಲೋ ತೂಕಕ್ಕೆ ಇಷ್ಟು ಮಿಲಿಲೀಟರ್ ಎಂದು ಅಳೆಯುತ್ತಾರೆ. ಇಬ್ಬರಲ್ಲಿ ಒಬ್ಬರದು 50, ಇನ್ನೊಬ್ಬರದು 40 ಎಂದಿಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 8 ಕಿ.ಮೀ. ವೇಗದ ಓಟಕ್ಕೆ ಸುಮಾರು 30 ಬೇಕು. ಮೊದಲನೆಯವರಿಗೆ ಅದು ಸಾಮರ್ಥ್ಯದ ಶೇ 60, ಎರಡನೆಯವರಿಗೆ ಶೇ 75. ಇಬ್ಬರೂ ಮಾತಾಡಿಕೊಂಡೇ ಓಡುತ್ತಾರೆ. ಈಗ 100 ಮೀಟರಿಗೆ 6 ಮೀಟರ್ ಮೇಲೇರುವ ರಸ್ತೆ ಬಂತು, ವೇಗ ಇಳಿಸಲಿಲ್ಲ ಅನ್ನಿ. ಬೇಡಿಕೆ 37 ದಾಟುತ್ತದೆ. ಮೊದಲನೆಯವರು ಶೇ 75ಕ್ಕೆ ಬಂದಿರುತ್ತಾರೆ, ಅಂದರೆ ಗೆಳೆಯ ಕೆಳಗೆ ಇದ್ದಷ್ಟೇ ಶ್ರಮದಲ್ಲಿ. ಆ ಗೆಳೆಯ ಮಾತ್ರ ಶೇ 93ಕ್ಕೆ ತಲುಪಿರುತ್ತಾನೆ. ಅಲ್ಲಿ ದುಡಿಯುವ ಸ್ನಾಯು ಹೊರಬಿಡುವ ಲ್ಯಾಕ್ಟೇಟ್ ರಕ್ತದಲ್ಲಿ ಏರುತ್ತಲೇ ಹೋಗುತ್ತದೆ, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಬೇಗ ಕರಗುತ್ತದೆ. ಹೆಚ್ಚು ಹೊತ್ತು ತಾಳುವುದು ಯಾರಿಂದಲೂ ಆಗದು.

ಎರಡನೆಯವರನ್ನು ಶೇ 75ರಲ್ಲೇ ಉಳಿಸಬೇಕಾದರೆ ಆ ಏರಿನಲ್ಲಿ ವೇಗ ಗಂಟೆಗೆ ಸುಮಾರು 6.25 ಕಿ.ಮೀ.ಗೆ ಇಳಿಯಬೇಕು. ಕಿಲೋಮೀಟರಿಗೆ ಏಳೂವರೆ ನಿಮಿಷ ಇದ್ದದ್ದು ಒಂಬತ್ತೂವರೆ ದಾಟುತ್ತದೆ. ಗಡಿಯಾರ ನೋಡಿಕೊಂಡು ಓಡುವವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಇನ್ನೂ ಒಂದು ಮಾತಿದೆ: ಇಷ್ಟು ನಿಧಾನಕ್ಕೆ ಓಡುವುದಕ್ಕಿಂತ ಬಿರುಸಾಗಿ ನಡೆಯುವುದೇ ಅಗ್ಗ. ಅದೇ ಏರಿನಲ್ಲಿ ಗಂಟೆಗೆ 6 ಕಿ.ಮೀ. ನಡೆದರೆ ಸುಮಾರು 24, ಓಡಿದರೆ 29. ಸ್ಪರ್ಧೆಯಲ್ಲಿ ನಡೆಯುವುದಾ ಎಂದು ನಾಚುವವರು ಈ 5ನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಹಾಗಾಗಿ ಏರಿನಲ್ಲಿ ಮುಂದಾಳುತನ ಗುಂಪಿನ ಅತಿ ನಿಧಾನಿಗೆ. ಬಲವಿರುವವರು ಪಕ್ಕದಲ್ಲಿ ಅರ್ಧ ಹೆಜ್ಜೆ ಮುಂದಿದ್ದರೂ ಕೆಟ್ಟಿತು, ಗೊತ್ತಿಲ್ಲದೆ ಎಳೆಯುತ್ತಾರೆ. ಮುಂದಿರುವವರನ್ನು ಆಗಾಗ ಮಾತಾಡಿಸಿ. ಒಂದು ಪೂರ್ತಿ ವಾಕ್ಯ ಉಸಿರು ಕಡಿಯದೆ ಬರಬೇಕು. ‘ಹೂಂ’ ಲೆಕ್ಕಕ್ಕಿಲ್ಲ.

ಮೇಲೆ ಗಾಳಿ ತೆಳು, ಅದಕ್ಕೇ ಸುಸ್ತು ಎಂಬ ಸಬೂಬು ಅರ್ಧ ಮಾತ್ರ ನಿಜ. 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ ವಾಯುಒತ್ತಡ ಸಮುದ್ರಮಟ್ಟದ ಸುಮಾರು ಶೇ 80 ಇರುತ್ತದೆ. ಪರಿಣಾಮ ಇದ್ದೇ ಇದೆ, ಆದರೆ ದಮ್ಮು ಕಟ್ಟಿಸುವುದು ಬಹುಪಾಲು ರಸ್ತೆಯ ಏರೇ. ಗಾಳಿಯ ಕಾಟ ಬೇರೆ ರೀತಿಯದು. 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದಾಗ ಸುತ್ತಲೂ ಓಟಗಾರರು ಗಾಳಿಗೆ ಮರೆಯಾಗಿದ್ದರು. ನಮ್ಮ 8 ಕಿ.ಮೀ. ವೇಗದಲ್ಲಿ, ಗಾಳಿಯಿಲ್ಲದ ತೋಟದ ದಾರಿಯಲ್ಲಿ ಅದರಿಂದ ಸಿಗುವ ಲಾಭ ನಗಣ್ಯ. ಮರಗಳಿಲ್ಲದ ಹುಲ್ಲುಗಾವಲಿನ ಏಣಿನಲ್ಲಿ ಮಾತ್ರ ಕಥೆ ಬೇರೆ. ಎದುರುಗಾಳಿ ಗಂಟೆಗೆ 24 ಕಿ.ಮೀ. ಇದ್ದರೆ ಮೈಗೆ ತಾಗುವ ಗಾಳಿಯ ವೇಗ 32, ನಾಲ್ಕು ಪಟ್ಟು. ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಹದಿನಾರು ಪಟ್ಟು! ಅಲ್ಲಿ ಬಲವಿರುವವರು ಮುಂದೆ ಬರಬೇಕು, ಉಳಿದವರು ಒಂದು ಮೀಟರ್ ಹಿಂದೆ ಸಾಲಾಗಿ ಓಡಬೇಕು. ಮುಂದಿನವರನ್ನು ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸಿ.

ಜೊತೆಯಿಂದ ಮನಸ್ಸಿಗೆ ಸಿಗುವ ಲಾಭವೂ ಬರಿ ಭ್ರಮೆಯಲ್ಲ. ಆಕ್ಸ್‌ಫರ್ಡ್‌ನ ಸಂಶೋಧಕರು ದೋಣಿಯ ಹುಟ್ಟು ಹಾಕುವವರ ಮೇಲೆ ನಡೆಸಿದ ಪ್ರಯೋಗದಲ್ಲಿ, ಒಂದೇ ಲಯದಲ್ಲಿ ಗುಂಪಾಗಿ ಶ್ರಮಿಸಿದ ಮೇಲೆ ನೋವು ತಾಳುವ ಶಕ್ತಿ ಒಂಟಿಯಾಗಿ ಶ್ರಮಿಸಿದಾಗಿನದಕ್ಕಿಂತ ಹೆಚ್ಚು ಕಂಡಿತ್ತು.

ತಿನ್ನುವ ವಿಷಯದಲ್ಲಿ ಗುಂಪು ಎಡವುವುದು ಹೆಚ್ಚು. ಒಂದೂವರೆ ಗಂಟೆ ಮೀರುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ–ಸಕ್ಕರೆ ಬೇಕು. ಮೂರು ಪುಟ್ಟಬಾಳೆ ಹಣ್ಣು, ಒಂದು ಸಣ್ಣ ಅಚ್ಚು ಬೆಲ್ಲ ಸೇರಿದರೆ 40 ಗ್ರಾಂ ಆಸುಪಾಸು. ಅರ್ಧ ಗಂಟೆ ಓಡಿದ ಮೇಲೆ ಶುರುಮಾಡಿ, ಸ್ವಲ್ಪಸ್ವಲ್ಪವಾಗಿ ಎಲ್ಲರೂ ಒಟ್ಟಿಗೆ ತಿನ್ನಬೇಕು. ಏರಿನಲ್ಲಿ ಮೈಮೀರಿ ಓಡಿದವರಿಗೆ ಹೊಟ್ಟೆಯ ಕಡೆಗೆ ರಕ್ತ ಕಡಿಮೆಯಾಗಿ, ತಿಂದದ್ದು ಅಲ್ಲೇ ಕೂತು ವಾಕರಿಕೆ ಬರುತ್ತದೆ. ಹೆಚ್ಚು ಶಕ್ತಿ ಖರ್ಚು ಮಾಡಿಕೊಂಡವರೇ ತಿನ್ನಲಾರದವರೂ ಆಗುತ್ತಾರೆ. ನೀರು ಬಾಯಾರಿದಷ್ಟು ಸಾಕು. ಗಂಟೆಗಟ್ಟಲೆ ಬರಿ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಲೆನೋವು, ಗೊಂದಲ, ಬಿಗಿಯಾಗುವ ಉಂಗುರ ಅದರ ಸುಳಿವು. ಒಂದು ಲೀಟರಿಗೆಂದು ಅಳೆದ ಓಆರ್‌ಎಸ್ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯಬೇಡಿ.

ಮುಂದೆ ಹೋದವರು ಮೇಲೆ ನಿಂತು ಕಾಯುವುದನ್ನು ದೊಡ್ಡ ಉಪಕಾರ ಎಂದುಕೊಳ್ಳುತ್ತಾರೆ. ಕಾದವರ ಬೆವರು ಮಂಜಿನಲ್ಲಿ ತಣ್ಣಗಾಗಿ ಸ್ನಾಯು ಬಿಗಿಯುತ್ತದೆ. ಕೊನೆಯವರು ತಲುಪಿದ ಕೂಡಲೇ ‘ಸರಿ, ಹೊರಡೋಣ’ ಎನ್ನುತ್ತಾರೆ. ದಣಿದವರಿಗೆ ವಿಶ್ರಾಂತಿಯೇ ಇಲ್ಲ. ಇದರ ಬದಲು ಇಬ್ಬಿಬ್ಬರ ಜೋಡಿ ಮಾಡಿ, ಕಟ್‌ಆಫ್ ಸಮಯ (ಅಷ್ಟರೊಳಗೆ ತಲುಪದಿದ್ದರೆ ಸ್ಪರ್ಧೆಯಿಂದ ಹೊರಗೆ) ಹತ್ತಿರವಾದರೆ ಯಾವ ಜೋಡಿ ಮುಂದೆ ಹೋಗಬೇಕೆಂದು ಮೊದಲೇ ಮಾತಾಡಿಕೊಂಡಿರುವುದು ಮೇಲು. ತೋಟದ ದಾರಿಯಲ್ಲಿ ಯಾರನ್ನೂ ಒಂಟಿಯಾಗಿ ಬಿಡಬಾರದು.

ಇಳಿಜಾರು ಬಂದಾಗ ಉಸಿರು ಹಗುರ, ಎಲ್ಲರಿಗೂ ಹುರುಪು. ಆದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕುತ್ತಿರುತ್ತದೆ. ಅದರ ಸೂಕ್ಷ್ಮ ಎಳೆಗಳು ಹರಿಯುವುದು ಆಗಲೇ. ನೋವು ಏರುವುದು ಒಂದರಿಂದ ಮೂರು ದಿನ ಬಿಟ್ಟು. ಮುಂಗಾಲು ದೂರ ಚಾಚದೆ ಚಿಕ್ಕ ಹೆಜ್ಜೆ ಇಡಬೇಕು. ಹೇರ್‌ಪಿನ್ ತಿರುವಿನಲ್ಲಿ ಜೀಪು ಬರುತ್ತದೆಂದು ತಿಳಿದೇ ಒಬ್ಬರ ಹಿಂದೊಬ್ಬರು ಇಳಿಯಬೇಕು. ಒಮ್ಮೆ ಇಳಿದು ನೊಂದ ತೊಡೆ ಮುಂದಿನ ಕೆಲವು ವಾರ ಅಷ್ಟೇ ಇಳಿತಕ್ಕೆ ಅಷ್ಟು ನೋಯುವುದಿಲ್ಲ. ಸ್ಪರ್ಧೆಗೆ ಎರಡು ಮೂರು ವಾರ ಮೊದಲು ಎಲ್ಲರೂ ಸೇರಿ 3–4 ಕಿ.ಮೀ. ಇಳಿಜಾರು ಓಡಿಬಿಟ್ಟರೆ ಆ ರಕ್ಷಣೆ ಕೈಗೆ ಬರುತ್ತದೆ. ಹಿಂದಿನ ವಾರ ಮಾಡಿದರೆ ನೋವೇ ಸ್ಪರ್ಧೆಯ ದಿನದವರೆಗೂ ಉಳಿದೀತು.