ಕೌದಿಯಂಥ ಗೋಡೆ

ಭೂಕಂಪ ಆದ ಮೇಲೆ ಒಂದು ಮಾತು ಎಲ್ಲ ಕಡೆ ಕೇಳುತ್ತದೆ: ಮಣ್ಣಿನ ಮನೆ ಅಂದ್ರೆ ಸಾವು, ಇನ್ಮೇಲೆ ಸಿಮೆಂಟೇ ಗತಿ. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಭೂಮಿ ಅಲುಗುವಾಗ ಲೆಕ್ಕಕ್ಕೆ ಬರುವುದು ಮನೆಯ ತೂಕ ಮತ್ತು ಭಾಗಭಾಗಗಳ ನಡುವಿನ ಹಿಡಿತ. 1993ರ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದದ್ದೂ ಅದೇ. ಒಂದಕ್ಕೊಂದು ಕಚ್ಚಿಕೊಳ್ಳದ ಗುಂಡುಕಲ್ಲಿನ ದಪ್ಪ ಗೋಡೆ, ಅದರ ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಗೋಡೆಯ ಒಳಪದರ ಹೊರಪದರ ಬೇರೆಯಾದವು, ಮಲಗಿದ್ದವರ ಮೇಲೆ ಮಾಳಿಗೆ ಬಂತು.

ಈಗ 2005ರ ಅಕ್ಟೋಬರ್ 8ಕ್ಕೆ ಬನ್ನಿ. ಕಾಶ್ಮೀರದಲ್ಲಿ 7.6 ತೀವ್ರತೆಯ ಭೂಕಂಪ. ಪಾಕಿಸ್ತಾನದ ಕಡೆಯ ಬೆಟ್ಟದ ಹಳ್ಳಿಗಳಿಗೆ ಸಿಮೆಂಟ್ ಮೂಟೆ, ಕಬ್ಬಿಣದ ಸರಳು ಸಾಗಿಸುವುದೇ ದೊಡ್ಡ ಪಾಡು. ಜನ ಅವಶೇಷದಡಿಯಿಂದ ಮರ, ಕಲ್ಲು ಎಳೆದು ತೆಗೆದರು, ಅಕ್ಕಪಕ್ಕದವರು ಕೈ ಹಾಕಿದರು, ಅಜ್ಜಂದಿರ ಕಾಲದ ಹಾಗೆ ‘ಧಜ್ಜಿ ದೇವಾರಿ’ ಗೋಡೆ ಕಟ್ಟತೊಡಗಿದರು. ಮೊದಲು ಸಿಮೆಂಟಿನ ನಕ್ಷೆಗಳನ್ನೇ ಹಿಡಿದು ಕೂತಿದ್ದ ಸರ್ಕಾರವೂ 2006ರಲ್ಲಿ ಇದಕ್ಕೆ ಒಪ್ಪಿತು.

ಧಜ್ಜಿ ಅಂದರೆ ಬಟ್ಟೆಯ ತುಂಡು, ಅಂದರೆ ಇದು ನಮ್ಮ ಕೌದಿ! ಮರದ ಚೌಕಟ್ಟಿನೊಳಗೆ ಅಡ್ಡ, ಉದ್ದ, ಓರೆ ಪಟ್ಟಿ ಹೊಡೆದು ಸಣ್ಣ ಸಣ್ಣ ಮನೆ ಮಾಡುತ್ತಾರೆ, ಆಟದ ಚೌಕಾಬಾರದ ಮನೆಗಳ ಹಾಗೆ. ಅದರಲ್ಲಿ ಚೂರು ಕಲ್ಲು, ಮಣ್ಣು ತುಂಬಿ ಮೇಲೆ ಮೆತ್ತುತ್ತಾರೆ. ನೆಲ ಅಲುಗಿದಾಗ ಕಲ್ಲು ಕಲ್ಲಿಗೆ, ಮಣ್ಣು ಮರಕ್ಕೆ ಉಜ್ಜುತ್ತದೆ. ಅಂಗೈ ಉಜ್ಜಿದರೆ ಬಿಸಿಯಾಗುತ್ತದಲ್ಲ, ಹಾಗೇ ಅಲುಗಾಟದ ಶಕ್ತಿ ಅಲ್ಲಲ್ಲೇ ಶಾಖವಾಗಿ ಕರಗುತ್ತದೆ. ಚೆಂಡು ಎಸೆದರೆ ಪುಟಿಯುತ್ತದೆ, ಅಕ್ಕಿ ಮೂಟೆ ಎಸೆದರೆ ದೊಪ್ಪೆಂದು ಕೂತುಬಿಡುತ್ತದೆ. ಗೋಡೆಯೂ ಮೂಟೆಯ ಜಾತಿ. ಚೌಕಟ್ಟಿನ ಒಂದು ಸಣ್ಣ ಮನೆಯಲ್ಲಿ ಬಿರುಕು ಎದ್ದರೆ ಪಕ್ಕದ ಮರದ ಪಟ್ಟಿ ಅದನ್ನು ತಡೆಯುತ್ತದೆ. ಕೌದಿಯ ಒಂದು ತುಂಡು ಹರಿದರೆ ಹೊಲಿಗೆಯ ಹತ್ತಿರ ನಿಲ್ಲುವುದಿಲ್ವಾ? ಬಸ್ಸಿನಲ್ಲಿ ಮೊಣಕಾಲು ಸಡಿಲ ಬಿಟ್ಟು ನಿಂತವನು ಬೀಳುವುದಿಲ್ಲ, ಕಂಬದಂತೆ ಸೆಟೆದವನು ಬೀಳುತ್ತಾನೆ. ಸಾಕು ಬಿಡಿ, ಹೋಲಿಕೆ ಜಾಸ್ತಿಯಾಯಿತು.

ಇದು ಹೊಸ ಸುದ್ದಿಯೂ ಅಲ್ಲ. 1885ರಲ್ಲಿ ಶ್ರೀನಗರ ನಡುಗಿದಾಗ ಅಲ್ಲಿದ್ದ ಆರ್ಥರ್ ನೀವ್ ಎಂಬ ವೈದ್ಯರು, ಅರಮನೆಯ ಒಂದು ಭಾಗ, ದಪ್ಪ ಗೋಡೆಯ ಹಳೆ ಕಟ್ಟಡಗಳು ಬಿದ್ದರೂ ಊರಿನ ಮರ-ಮಣ್ಣಿನ ಸಡಿಲ ಮನೆಗಳು ಹೆಚ್ಚಾಗಿ ನಿಂತದ್ದನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾರೆ.

ಹಾಗಂತ ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಅನ್ನುವ ಭಜನೆಯೂ ಬೇಡ. ಕಿಲ್ಲಾರಿಯ ಗೋಡೆ ಕಟ್ಟಿದವರೂ ಹಿರಿಯರೇ. ಧಜ್ಜಿಗೂ ಕಲ್ಲಿನ ತಳಪಾಯ ಬೇಕು, ಇಲ್ಲದಿದ್ದರೆ ಬುಡದ ಮರ ತೇವ ಹೀರಿ ಕೊಳೆಯುತ್ತದೆ. ಮೂಲೆಯ ಮೊಳೆ ಸರಿಯಾಗಿ ಕೂತಿರಬೇಕು. ಚಾವಣಿ ಹಗುರಾಗಿರಬೇಕು, ಗೋಡೆಗೆ ಬಿಗಿದಿರಬೇಕು.

ಅಲುಗಾಟ ನಿಂತ ಮೇಲೆ ಇಂಥ ಗೋಡೆಯನ್ನು ನೋಡಬೇಕು. ಮೆತ್ತಿದ ಮಣ್ಣಿನ ಮೇಲೆ ಗೆರೆ ಗೆರೆ ಬಿರುಕು, ಒಳಗಿನ ಮರ ಎಲ್ಲೆಲ್ಲಿದೆ ಅಂತ ಹೊರಗಿನಿಂದಲೇ ಗೊತ್ತಾಗುತ್ತದೆ. ಉದುರಿದ ಮಣ್ಣು ಗುಡಿಸಿ, ನೀರು ಹಾಕಿ ಕಲಸಿ, ಮತ್ತೆ ಮೆತ್ತಬಹುದು.